ಎಷ್ಟು ಎಕ್ಸ್ ಅಂತ ಕೇಳಬೇಡಿ, ದೊಡ್ಡಪ್ಪ

ದೊಡ್ಡಪ್ಪ: ಒಂದು ಕ್ಯಾಮೆರಾ ನೋಡಿಟ್ಟಿದ್ದೀನಿ ಕಣೇ. ನಿಕಾನ್ ಪಿ1000. 125 ಎಕ್ಸ್ ಜೂಮ್ ಅಂತೆ. ಚಂದ್ರನ ಮೇಲಿರೋ ಕುಳಿಗಳೆಲ್ಲ ಎದ್ದು ಕಾಣ್ತವಂತೆ. ಬೇಲೂರು, ಹಳೇಬೀಡು, ಹಾಗೇ ರಂಗನತಿಟ್ಟು ಸುತ್ತಿ ಬರೋದಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳು?

ಮಗಳು: ಕುಳಿ ಕಾಣೋದು ನಿಜ. ತೂಕ ನೋಡಿದ್ರಾ?

ದೊಡ್ಡಪ್ಪ: ತೂಕ ಯಾರು ನೋಡ್ತಾರೆ? ಕ್ಯಾಮೆರಾ ತಾನೇ.

ಮಗಳು: 1,415 ಗ್ರಾಂ. ಕತ್ತು ನೋವು ಅಂತ ತರಕಾರಿ ಚೀಲ ಎತ್ತೋದೂ ಬಿಟ್ಟಿದ್ದೀರಿ. ಇದನ್ನ ಕೊರಳಿಗೆ ಹಾಕ್ಕೊಂಡು ಬೇಲೂರಿನ ಜಗತಿ ಮೇಲೆ ಎರಡು ಪ್ರದಕ್ಷಿಣೆ ಹಾಕಿ, ಮೂರನೇದಕ್ಕೆ ಕ್ಯಾಮೆರಾ ಬಸ್ಸಲ್ಲೇ ಇರುತ್ತೆ. ಪ್ರವಾಸಕ್ಕೆ ಕ್ಯಾಮೆರಾ ಆರಿಸುವಾಗ ಮೊದಲು ಬರೆದುಕೊಳ್ಳಬೇಕಾದ್ದು ಗ್ರಾಂ. ನಿಮಗೆ 350 ಗ್ರಾಂ ಮೇಲೆ ಬೇಡ ಅಂತ ನನ್ನ ಲೆಕ್ಕ.

ದೊಡ್ಡಪ್ಪ: ಅಷ್ಟು ಹಗುರದ್ದು ಅಂದ್ರೆ ಜೂಮ್ ಎಲ್ಲಿಂದ ಬರಬೇಕು?

ಮಗಳು: ಬರುತ್ತೆ. ಕ್ಯಾನನ್ ಎಸ್‌ಎಕ್ಸ್740 ಅಂತ ಇದೆ, 299 ಗ್ರಾಂ, 40 ಎಕ್ಸ್. ಸೋನಿ ಎಚ್‌ಎಕ್ಸ್99 ಇನ್ನೂ ಹಗುರ, 242 ಗ್ರಾಂ, 30 ಎಕ್ಸ್. ಎರಡೂ ಪ್ಯಾಂಟಿನ ಜೇಬಿಗೆ ಹೋಗ್ತವೆ. ಅದೇ ಸೋನಿಯವರ ಆರ್‌ಎಕ್ಸ್10 ಮಾರ್ಕ್ 4 ನೋಡಿ, ಬರೀ 25 ಎಕ್ಸ್, ತೂಕ ಮಾತ್ರ 1,095 ಗ್ರಾಂ.

ದೊಡ್ಡಪ್ಪ: ಇದೇನು ತಮಾಷೆ? ಜೂಮ್ ಕಡಿಮೆ ಆದ್ರೆ ತೂಕ ಜಾಸ್ತಿನಾ?

ಮಗಳು: ತಮಾಷೆ ಇರೋದು ಎಕ್ಸ್‌ನಲ್ಲಿ. ಅದು ಬರೀ ಒಂದು ಭಾಗಾಕಾರ. ಲೆನ್ಸಿನ ಫೋಕಲ್ ಲೆಂಗ್ತಿನ ಅತಿ ಉದ್ದದ ಅಳತೆಯನ್ನ ಅತಿ ಗಿಡ್ಡ ಅಳತೆಯಿಂದ ಭಾಗಿಸಿದ್ರೆ ಬರೋ ಸಂಖ್ಯೆ. 24ರಿಂದ 720 ಎಂಎಂ ಹೋಗುವ ಲೆನ್ಸು 30 ಎಕ್ಸ್. ಚಿತ್ರ ಹೇಗೆ ಬರುತ್ತೆ ಅನ್ನೋದರ ಬಗ್ಗೆ ಅದು ಏನೂ ಹೇಳಲ್ಲ. ನೀವು ಫಿಲಂ ಕಾಲದವರು, ನಿಮಗೆ ಎಂಎಂ ಭಾಷೆ ಬರುತ್ತೆ. ಅದರಲ್ಲೇ ಮಾತಾಡೋಣ.

ದೊಡ್ಡಪ್ಪ: ಮಾತಾಡು. ನನ್ನ ಹತ್ತಿರ ಇದ್ದದ್ದು ಒಂದು 50, ಒಂದು 135. ಆಗ 200 ಎಂಎಂ ಇಟ್ಕೊಂಡವನನ್ನ ಸಾಹುಕಾರ ಅಂತಿದ್ವಿ.

ಮಗಳು: ಈಗಿನ ಕಂಪನಿಗಳೂ ನಿಮ್ಮ ಫಿಲಂ ಕ್ಯಾಮೆರಾದ ಲೆಕ್ಕದಲ್ಲೇ ಹೇಳ್ತವೆ. ಆ ಫಿಲಮಿನ ಒಂದು ಫ್ರೇಮ್ 36 ಎಂಎಂ ಅಗಲ, 24 ಎಂಎಂ ಎತ್ತರ. ಹಾಗಾಗಿ ಒಂದು ಸುಲಭದ ಸೂತ್ರ ಇದೆ. 360 ಎಂಎಂ ಲೆನ್ಸಲ್ಲಿ ನೋಡಿದ್ರೆ, ದೂರದ ಹತ್ತನೇ ಒಂದು ಭಾಗದಷ್ಟು ಅಗಲ ಚಿತ್ರದೊಳಗೆ ಬರುತ್ತೆ. 20 ಮೀಟರ್ ದೂರದಲ್ಲಿ ಎರಡು ಮೀಟರ್ ಅಗಲ. 720 ಎಂಎಂ ಆದ್ರೆ ಒಂದು ಮೀಟರ್.

ದೊಡ್ಡಪ್ಪ: ತಾಳು, ನಾನು ಹೇಳ್ತೀನಿ. ರಂಗನತಿಟ್ಟಲ್ಲಿ ಬಣ್ಣದ ಕೊಕ್ಕರೆ ನಿಂತರೆ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ. 20 ಮೀಟರ್ ದೂರದಿಂದ 360ರಲ್ಲಿ ತೆಗೆದ್ರೆ ಚಿತ್ರದ ಎತ್ತರ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಚಿಲ್ಲರೆ. ಕೊಕ್ಕರೆ ತಲೆಯಿಂದ ಕಾಲಿನವರೆಗೆ ಕೂತುಬಿಡ್ತು. ಮತ್ತೆ ಪಿ1000ರ 3,000 ಎಂಎಂ ಯಾಕೆ?

ಮಗಳು: ಅದನ್ನೇ ನಾನು ಕೇಳ್ತಿರೋದು. ಅಲ್ಲಿ ದೋಣಿ ನಮ್ಮನ್ನ ನಡುಗಡ್ಡೆಗಳ ಪಕ್ಕಕ್ಕೇ ಕರೆದುಕೊಂಡು ಹೋಗುತ್ತೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿರೋ ಮೊಸಳೆಗೂ ಅಷ್ಟು ಉದ್ದದ ಲೆನ್ಸ್ ಬೇಕಾಗಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೇಳಿ ರಂಗನತಿಟ್ಟನ್ನ ಪಕ್ಷಿಧಾಮ ಮಾಡಿಸಿದ್ದರಿಂದ ಹಕ್ಕಿಗಳಿಗೆ ಜನ ಹೊಸಬರಲ್ಲ.

ದೊಡ್ಡಪ್ಪ: ಇರಬಹುದು. ಆದ್ರೆ ಇದ್ದರೆ ಕೆಟ್ಟದ್ದೇನು? ಬೇಕಾದಾಗ ಎಳೆದುಕೊಳ್ಳೋದು, ಬೇಡದಾಗ ಬಿಡೋದು.

ಮಗಳು: ಎಳೆದಾಗ ಗಾಳಿಯೂ ಅಡ್ಡ ಬರುತ್ತೆ. ಮಧ್ಯಾಹ್ನ ನೆಲ ಕಾದ ಮೇಲೆ ದೂರದ ವಸ್ತು ಬಿಸಿಲ ಝಳದಲ್ಲಿ ನಡುಗುತ್ತಲ್ಲ, ಉದ್ದದ ಲೆನ್ಸು ಆ ನಡುಕವನ್ನೂ ಹಿಗ್ಗಿಸಿ ತೋರಿಸುತ್ತೆ. ಅದನ್ನ ಯಾವ ಕ್ಯಾಮೆರಾವೂ ಸರಿ ಮಾಡಲ್ಲ.

ದೊಡ್ಡಪ್ಪ: ಸರಿ, ದೈತ್ಯನನ್ನ ಬಿಟ್ಟೆ. ಆ 299 ಗ್ರಾಂ, 40 ಎಕ್ಸ್ ಇದೆಯಲ್ಲ, ಅದನ್ನೇ ತಗೊಳ್ಳಲಾ?

ಮಗಳು: ಅದು ಅಷ್ಟು ಹಗುರವಾಗಿದ್ದು ಹೇಗೆ ಅಂತ ಕೇಳಿ ಮೊದಲು.

ದೊಡ್ಡಪ್ಪ: ಪ್ಲಾಸ್ಟಿಕ್?

ಮಗಳು: ಸೆನ್ಸರ್. ಫಿಲಮಿನ ಜಾಗದಲ್ಲಿ ಈಗ ಇರೋ ಚಿಪ್. ನಿಮ್ಮ ಫಿಲಂ ಫ್ರೇಮಿನ ವಿಸ್ತೀರ್ಣ 864 ಚದರ ಮಿಲಿಮೀಟರ್. ಈ ಜೇಬಿನ ಕ್ಯಾಮೆರಾಗಳ ಸೆನ್ಸರ್ ಸುಮಾರು 28. ಅಳತೆಪಟ್ಟಿಯಲ್ಲಿ 1/2.3 ಇಂಚು ಅಂತ ಬರೆದಿರ್ತಾರೆ. ಚಿತ್ರ ಬೀಳೋ ಜಾಗ ಪುಟ್ಟದಾದ್ರೆ ಲೆನ್ಸೂ ಪುಟ್ಟದಾಗುತ್ತೆ. 720 ಎಂಎಂ ಅಂತ ಪೆಟ್ಟಿಗೆ ಮೇಲೆ ಬರೆದಿದ್ರೂ ಒಳಗಿರೋ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 130 ಎಂಎಂ ಆಸುಪಾಸು.

ದೊಡ್ಡಪ್ಪ: ಅಂದ್ರೆ ನನ್ನ ಹಳೇ 135ರಷ್ಟೇ! ಉಳಿದದ್ದೆಲ್ಲ ಕತ್ತರಿಸಿ ತೋರಿಸೋ ಕೈಚಳಕ.

ಮಗಳು: ಹಾಗಂದ್ರೂ ತಪ್ಪಿಲ್ಲ. ಈಗ ಆ ಒಂದು ಕಿಲೋದ ಸೋನಿಗೆ ಬನ್ನಿ. ಅದರ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 220 ಎಂಎಂ, ಪೂರ್ತಿ ಎಳೆದಾಗಲೂ ಅಪರ್ಚರ್ ಎಫ್/4. 220ನ್ನ 4ರಿಂದ ಭಾಗಿಸಿ.

ದೊಡ್ಡಪ್ಪ: 55.

ಮಗಳು: ಬೆಳಕು ಒಳಗೆ ಹೋಗೋಕೆ 55 ಎಂಎಂ ಅಗಲದ ದಾರಿ. ಆ 30 ಎಕ್ಸ್ ಜೇಬಿನ ಕ್ಯಾಮೆರಾದಲ್ಲಿ ಅದು ಸುಮಾರು 20 ಎಂಎಂ. ಸೋನಿಯ ಕಿಲೋ ಭಾರ ಆ ಗಾಜಿನ ಅಗಲದ್ದು. ಎಷ್ಟು ದೂರ ಅನ್ನೋದು ಜೂಮ್ ಸಂಖ್ಯೆ, ಎಷ್ಟು ಬೆಳಕಿನಲ್ಲಿ ಅನ್ನೋದು ಗಾಜು ಮತ್ತು ಸೆನ್ಸರ್. ಅಂಗಡಿಯವರು ಮೊದಲನೇದನ್ನ ದೊಡ್ಡಕ್ಷರದಲ್ಲಿ ಬರೀತಾರೆ.

ದೊಡ್ಡಪ್ಪ: ಬೆಳಕು ಇಲ್ಲದಿದ್ರೆ ಐಎಸ್‌ಒ ಏರಿಸಿದ್ರಾಯ್ತಲ್ಲ. ನಾವು 400ರ ಫಿಲಂ ಹಾಕ್ತಿದ್ದ ಹಾಗೆ.

ಮಗಳು: ಲೆಕ್ಕ ಹಾಕೋಣ. ಮೋಡ ಕವಿದ ದಿನ. ದೋಣಿ ಅಲ್ಲಾಡ್ತಿದೆ, ಹಕ್ಕಿ ಮರದ ಕೆಳಗಿದೆ, ತಲೆ ಆಡಿಸ್ತಿದೆ. ಶಟರ್ 1/500 ಸೆಕೆಂಡ್ ಆದ್ರೂ ಬೇಕು. ಪೂರ್ತಿ ಎಳೆದಾಗ ಆ 30 ಎಕ್ಸ್ ಕ್ಯಾಮೆರಾದ ಲೆನ್ಸು ಎಫ್/6.4. ಅಂಥ ಬೆಳಕಲ್ಲಿ ಐಎಸ್‌ಒ 1,000ದ ಸುತ್ತ ಹೋಗುತ್ತೆ. ಪುಟ್ಟ ಸೆನ್ಸರು ಅಲ್ಲಿ ಕಾಳುಕಾಳಾಗುತ್ತೆ. ಕ್ಯಾಮೆರಾ ಆ ಕಾಳನ್ನ ಒರೆಸೋಕೆ ಹೋಗಿ ಗರಿಗಳ ಎಳೆಯನ್ನೂ ಒರೆಸಿಹಾಕುತ್ತೆ. ಒಳ್ಳೇ ಬಿಸಿಲಲ್ಲಾದ್ರೆ ಅದೇ ಕ್ಯಾಮೆರಾ ಐಎಸ್‌ಒ 100ರಲ್ಲಿ ಚೆನ್ನಾಗೇ ತೆಗೆಯುತ್ತೆ. ಅದಕ್ಕೇ ಅಂಗಡಿ ಬಾಗಿಲಲ್ಲಿ ನಿಂತು ರಸ್ತೆ ಬೋರ್ಡಿನ ಫೋಟೋ ತೆಗೆದವರಿಗೆಲ್ಲ ಅದು ಮೆಚ್ಚುಗೆ ಆಗಿಬಿಡುತ್ತೆ.

ದೊಡ್ಡಪ್ಪ: ಕೈ ನಡುಗಿದ್ರೂ ಸರಿಮಾಡೋ ವ್ಯವಸ್ಥೆ ಎಲ್ಲದರಲ್ಲೂ ಇದೆಯಂತಲ್ಲ? ಶಟರ್ ನಿಧಾನ ಮಾಡಿದ್ರೆ ಐಎಸ್‌ಒ ಯಾಕೆ ಏರಿಸಬೇಕು?

ಮಗಳು: ಸ್ಟೆಬಿಲೈಸೇಷನ್ ನಿಮ್ಮ ಕೈಯನ್ನ ತಡೆಯುತ್ತೆ, ಹಕ್ಕಿಯನ್ನ ತಡೆಯಲ್ಲ. ಕಲ್ಲಿನ ಶಿಲ್ಪಕ್ಕೆ ಅದು ವರ. ಕೊಕ್ಕರೆಗೆ ಅರ್ಧ ವರ.

ದೊಡ್ಡಪ್ಪ: ಇಷ್ಟೆಲ್ಲ ತಕರಾರು ಇದ್ರೆ ಕ್ಯಾಮೆರಾನೇ ಬೇಡ ಬಿಡು. ಫೋನ್ ಇದೆ. ನೀನೇ ಕೊಡಿಸಿದ್ದು.

ಮಗಳು: ಒಳ್ಳೇ ಜಾಗಕ್ಕೆ ಬಂದ್ರಿ. ಈಗಿನ ಒಳ್ಳೆ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರು ಈ 40 ಎಕ್ಸ್ ಕ್ಯಾಮೆರಾದ ಸೆನ್ಸರಿಗಿಂತ ದೊಡ್ಡದು. ಅದರ ಲೆನ್ಸು ಎಫ್/1.8ರ ಹತ್ತಿರ. ಹಾಗಾಗಿ ಗುಡಿ ಪೂರ್ತಿ, ಗೆಳೆಯರ ಗುಂಪು, ಎಲೆ ಮೇಲಿನ ಊಟ, ನವರಂಗದ ಒಳಗಿನ ಮಬ್ಬು ಇವೆಲ್ಲದರಲ್ಲಿ ಫೋನೇ ಗೆಲ್ಲುತ್ತೆ. ಪುಟ್ಟ ಸೆನ್ಸರಿನ ಜೂಮ್ ಕ್ಯಾಮೆರಾ ತಗೊಂಡು ಅದರಲ್ಲಿ ಗುಡಿಯ ಮುಂದೆ ನಿಂತವರ ಫೋಟೋ ತೆಗೆಯೋದು ದುಡ್ಡು ಕೊಟ್ಟು ಕೆಳಗಿಳಿದ ಹಾಗೆ.

ದೊಡ್ಡಪ್ಪ: ಹಾಗಾದ್ರೆ ಫೋನಲ್ಲೇ ಜೂಮ್ ಮಾಡ್ತೀನಿ.

ಮಗಳು: ಅಲ್ಲಿ ಅದು ಸೋಲುತ್ತೆ. ದುಬಾರಿ ಫೋನುಗಳಲ್ಲಿ ಹೆಚ್ಚಾಗಿ 70ರಿಂದ 120 ಎಂಎಂವರೆಗಿನ ಬೇರೆ ಲೆನ್ಸ್ ಇರುತ್ತೆ. ನಿಮ್ಮದರಲ್ಲಿ ಅದೂ ಇಲ್ಲ. ಅದರಾಚೆಗೆ ಪರದೆ ಮೇಲೆ ಬೆರಳಿಂದ ಹಿಗ್ಗಿಸಿದ್ದೆಲ್ಲ ಇರೋ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡೋದು. ಇಲ್ಲದ ವಿವರವನ್ನ ಸಾಫ್ಟ್‌ವೇರ್ ಊಹಿಸಿ ತುಂಬುತ್ತೆ. ಬೇಲೂರಿನ ಮದನಿಕೆಯ ಕೊರಳ ಹಾರ ಶಿಲ್ಪಿ ಕೆತ್ತಿದ್ದಾಗಿರಬೇಕು, ಫೋನು ಊಹಿಸಿದ್ದಲ್ಲ.

ದೊಡ್ಡಪ್ಪ: ಆ ಮಾತು ಒಪ್ಪಿದೆ. ಬೇಲೂರಲ್ಲಿ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರು. ಹೊರಗಿನವರೆಲ್ಲ ಸೂರಿನ ಕೆಳಗೆ, ತಲೆ ಎತ್ತಿ ನೋಡಬೇಕು. ಹತ್ತಿರ ಹೋಗಿ ಕತ್ತೆತ್ತಿದ್ರೆ ಗಲ್ಲ ಕಾಣುತ್ತೆ ಹೊರತು ಮುಖ ಕಾಣಲ್ಲ. ಹಿಂದೆ ಸರಿದು ದೂರದಿಂದ ತೆಗೆದರೇ ಚೆಂದ. ಅದಕ್ಕೆ ಉದ್ದದ ಲೆನ್ಸ್ ಬೇಕೇ ಬೇಕು.

ಮಗಳು: ನೋಡಿ, ಕೆಲಸ ಹಂಚಿಕೆ ಆಗಿಹೋಯ್ತು. ಹತ್ತಿರದ್ದು, ಅಗಲದ್ದು, ಕತ್ತಲೆಯದ್ದು ಫೋನಿಗೆ. ದೂರದ್ದು ಮಾತ್ರ ಕ್ಯಾಮೆರಾಗೆ. ಇವತ್ತು ಪ್ರವಾಸಕ್ಕೆ ಜೂಮ್ ಕ್ಯಾಮೆರಾ ತಗೊಳ್ಳೋರು ಕೇಳಬೇಕಾದ್ದು ಒಂದೇ ಪ್ರಶ್ನೆ. ಪೂರ್ತಿ ಎಳೆದಾಗ, ನೆರಳಿನಲ್ಲಿ, ಇದು ಹೇಗೆ ತೆಗೆಯುತ್ತೆ? 24 ಎಂಎಂನಲ್ಲಿ ಹೇಗೆ ಬರುತ್ತೆ ಅನ್ನೋದನ್ನ ಫೋನ್ ಬಂದ ಮೇಲೆ ಕೇಳೋ ಅಗತ್ಯವೇ ಇಲ್ಲ.

ದೊಡ್ಡಪ್ಪ: ಮದನಿಕೆಯರು ನೆರಳಲ್ಲೇ ಇರೋದು. ಕಲ್ಲೂ ಕಪ್ಪು, ಹಿಂದೆ ಆಕಾಶ ಬೆಳ್ಳಗೆ. ನನ್ನ ಹಳೇ ಫಿಲಂಗಳಲ್ಲಿ ಅರ್ಧಕ್ಕರ್ಧ ಕರೀ ಬೊಂಬೆಗಳೇ.

ಮಗಳು: ಅದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯನ್ನ +1ಕ್ಕೆ ತಿರುಗಿಸಿ. ಆಕಾಶ ಬಿಳುಚಿಕೊಂಡರೂ ಶಿಲ್ಪದ ಮುಖ ತೆರೆದುಕೊಳ್ಳುತ್ತೆ. ಆ ಗುಂಡಿ ಮೆನು ಒಳಗೆ ಹುದುಗಿರದೆ ಕೈಗೆ ಸಿಗೋ ಕ್ಯಾಮೆರಾನೇ ಬೇಕು.

ದೊಡ್ಡಪ್ಪ: ಈಗ ಹೆಸರು ಹೇಳು. 350 ಗ್ರಾಂ ಒಳಗೆ, ದೂರಕ್ಕೂ ಆಗಬೇಕು, ನೆರಳಿಗೂ ಆಗಬೇಕು. ಅಂಥದ್ದು ಇದೆಯಾ?

ಮಗಳು: ನಡುವಿನ ದಾರಿ ಒಂದಿದೆ. 1 ಇಂಚು ಅಂತ ಕರೆಯೋ ಸೆನ್ಸರ್. ಅದರ ಯಾವ ಮಗ್ಗುಲೂ ನಿಜಕ್ಕೂ ಒಂದು ಇಂಚಿಲ್ಲ, 13.2 ಎಂಎಂ ಅಗಲ, 8.8 ಎಂಎಂ ಎತ್ತರ. ಆದ್ರೂ ವಿಸ್ತೀರ್ಣ 116 ಚದರ ಮಿಲಿಮೀಟರ್, ಆ ಪುಟ್ಟ ಸೆನ್ಸರಿನ ನಾಲ್ಕು ಪಟ್ಟು. ಅದನ್ನ ಇಟ್ಟುಕೊಂಡು ಜೇಬಿಗೆ ಹೋಗೋ ಜೂಮ್ ಕ್ಯಾಮೆರಾಗಳಲ್ಲಿ ನೋಡಬೇಕಾದ್ದು ಎರಡು. ಸೋನಿ ಆರ್‌ಎಕ್ಸ್100 ಮಾರ್ಕ್ 7, 302 ಗ್ರಾಂ, 24ರಿಂದ 200 ಎಂಎಂ, ಪೂರ್ತಿ ಎಳೆದಾಗ ಎಫ್/4.5. ಪ್ಯಾನಸಾನಿಕ್ ಟಿಜೆಡ್200, 340 ಗ್ರಾಂ, 24ರಿಂದ 360 ಎಂಎಂ, ಪೂರ್ತಿ ಎಳೆದಾಗ ಎಫ್/6.4. ಎರಡನೇದನ್ನ ಅಮೆರಿಕದಲ್ಲಿ ಜೆಡ್‌ಎಸ್200 ಅನ್ನೋ ಹೆಸರಲ್ಲಿ ಬಿಟ್ಟಿದ್ದಾರೆ, ಅಲ್ಲಿರೋ ನಿಮ್ಮ ಮಗನಿಗೆ ತರೋಕೆ ಹೇಳೋದಾದ್ರೆ ಗೊತ್ತಿರಲಿ.

ದೊಡ್ಡಪ್ಪ: ಎಫ್/4.5 ಅಂದ್ರೆ 6.4ಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು. ಸೋನಿನೇ ಮೇಲಲ್ವಾ?

ಮಗಳು: ಬೆಳಕಲ್ಲಿ ಮೇಲು. ಫೋಕಸ್ ಹಿಡಿಯೋ ವೇಗದಲ್ಲೂ ಮೇಲು. ಬೆಲೆಯಲ್ಲೂ ಮೇಲೇ. ಆದ್ರೆ ಆ ಅಗಲದ ಸೂತ್ರ ಹಾಕಿ ನೋಡಿ.

ದೊಡ್ಡಪ್ಪ: 20 ಮೀಟರಿಗೆ 200 ಎಂಎಂ. ಅಗಲ 3.6 ಮೀಟರ್, ಎತ್ತರ 2.4. ಕೊಕ್ಕರೆ ಚಿತ್ರದ ಅರ್ಧಕ್ಕಿಂತ ಕಡಿಮೆ. ಕತ್ತರಿಸಿ ದೊಡ್ಡದು ಮಾಡಬೇಕು.

ಮಗಳು: ಕತ್ತರಿಸಬಹುದು, 20 ಮೆಗಾಪಿಕ್ಸೆಲ್ ಇದೆ. ಆದ್ರೆ ಕತ್ತರಿಸಿದಷ್ಟೂ ಸೆನ್ಸರನ್ನೇ ಚಿಕ್ಕದು ಮಾಡಿದ ಹಾಗೆ, ಹೆಚ್ಚು ಬಂದ ಆ ಒಂದು ಸ್ಟಾಪ್ ಅಲ್ಲಿಗೇ ಖರ್ಚು. ಶಿಲ್ಪಕ್ಕೆ, ಬೀದಿಗೆ, ಓಡಾಡೋ ಮೊಮ್ಮಕ್ಕಳಿಗೆ 200 ಸಾಕು. ಹಕ್ಕಿ ಪಟ್ಟಿಯಲ್ಲಿ ಇದ್ದರೆ 360.

ದೊಡ್ಡಪ್ಪ: ಲೆನ್ಸ್ ಬದಲಾಯಿಸೋ ಕ್ಯಾಮೆರಾನೂ ಈಗ ಚಿಕ್ಕದಾಗಿವೆಯಂತಲ್ಲ? ಪಕ್ಕದ ಮನೆಯವರ ಹತ್ತಿರ ಒಂದಿದೆ.

ಮಗಳು: ಇವೆ. ಒಲಿಂಪಸ್, ಪ್ಯಾನಸಾನಿಕ್ ಇಬ್ಬರೂ ಸೇರಿ 2008ರಲ್ಲಿ ಶುರುಮಾಡಿದ ಮೈಕ್ರೋ ಫೋರ್ ಥರ್ಡ್ಸ್ ಅಂಥದ್ದೇ. ಸೆನ್ಸರ್ ಇನ್ನೂ ಎರಡು ಪಟ್ಟು ದೊಡ್ಡದು. ಒಲಿಂಪಸ್ ಇ-ಎಂ10 ಮಾರ್ಕ್ 4 ಬಾಡಿ 383 ಗ್ರಾಂ, ಅದಕ್ಕೆ ಫಿಲಂ ಲೆಕ್ಕದಲ್ಲಿ 28ರಿಂದ 300 ಆಗೋ 14-150 ಲೆನ್ಸು 285 ಗ್ರಾಂ. ಒಟ್ಟು 668. ಕತ್ತು ಒಪ್ಪಿದರೆ ಅದು ಒಳ್ಳೇ ಜೋಡಿ, ನಾಳೆ ಬೇರೆ ಲೆನ್ಸೂ ಹಾಕಬಹುದು. ಆದ್ರೆ ಜೇಬಿಗೆ ಹೋಗಲ್ಲ. ಜೇಬಿಗೆ ಹೋಗದ್ದನ್ನ ನೀವು ಒಯ್ಯಲ್ಲ ಅನ್ನೋದು ದೊಡ್ಡಮ್ಮನಿಗೂ ಗೊತ್ತು.

ದೊಡ್ಡಪ್ಪ: ದೊಡ್ಡಮ್ಮನ್ನ ಎಳೀಬೇಡ ಇದರಲ್ಲಿ. ವ್ಯೂಫೈಂಡರ್ ಕಥೆ ಹೇಳು. ನನಗೆ ಕಣ್ಣಿಗೆ ಒತ್ತಿ ಹಿಡಿದೇ ಅಭ್ಯಾಸ. ಬಿಸಿಲಲ್ಲಿ ಫೋನಿನ ಪರದೆ ಮೇಲೆ ನನ್ನ ಮುಖ ಬಿಟ್ಟು ಬೇರೇನೂ ಕಾಣಲ್ಲ.

ಮಗಳು: ಅಭ್ಯಾಸ ಒಳ್ಳೇದೇ. ಕ್ಯಾಮೆರಾ ಹಣೆಗೆ ಆತುಕೊಂಡರೆ ಕೈ ನಡುಕವೂ ಕಡಿಮೆ, ಉದ್ದದ ಲೆನ್ಸಲ್ಲಿ ಅದರ ಫಲ ಕಾಣುತ್ತೆ. ನಾನು ಹೇಳಿದ ಎರಡರಲ್ಲೂ ವ್ಯೂಫೈಂಡರ್ ಇದೆ, ಕನ್ನಡಕದ ನಂಬರಿಗೆ ಹೊಂದಿಸಿಕೊಳ್ಳೋ ಅನುಕೂಲವೂ ಇದೆ. ಸೋನಿಯಲ್ಲಿ ಅದು ಒಳಗಿಂದ ಮೇಲೇಳುತ್ತೆ. ಕ್ಯಾನನ್ ಎಸ್‌ಎಕ್ಸ್740ರಲ್ಲಿ ಇಲ್ಲ. 2025ರಲ್ಲಿ ಬಂದ ಪ್ಯಾನಸಾನಿಕ್ ಟಿಜೆಡ್99ರಲ್ಲೂ ತೆಗೆದುಬಿಟ್ಟಿದ್ದಾರೆ.

ದೊಡ್ಡಪ್ಪ: ಹೊಸದರಲ್ಲಿ ಇದ್ದದ್ದನ್ನೂ ತೆಗೆಯೋದಾ?

ಮಗಳು: ಈ ವ್ಯಾಪಾರವೇ ಸೊರಗಿದೆ, ದೊಡ್ಡಪ್ಪ. ಜಪಾನಿನ ಕಂಪನಿಗಳು 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಕಳಿಸಿದ್ವು. 2023ರ ಹೊತ್ತಿಗೆ ಅದು 80 ಲಕ್ಷಕ್ಕೂ ಕಡಿಮೆ. ಫೋನು ಮೊದಲು ನುಂಗಿದ್ದು ಜೇಬಿನ ಕ್ಯಾಮೆರಾಗಳನ್ನೇ. ಟಿಜೆಡ್200 ಬಂದದ್ದು 2018ರಲ್ಲಿ, ಸೋನಿ ಮಾರ್ಕ್ 7 2019ರಲ್ಲಿ. ಇಷ್ಟು ಹಳೇದಾ ಅಂತ ಮೂಗು ಮುರಿಯಬೇಡಿ, ಗಾಜು ಹಳತಾಗಲ್ಲ. ಆದ್ರೆ ಬಿಲ್ಲು, ಭಾರತದ ವಾರಂಟಿ ಕಾರ್ಡು ಎರಡನ್ನೂ ಕೇಳಿ ಪಡೀರಿ. ಬಿಲ್ಲಿಲ್ಲದ ಮಾಲು ಅಗ್ಗಕ್ಕೆ ಸಿಗುತ್ತೆ, ಕೆಟ್ಟರೆ ಮಾತ್ರ ಕೈಬಿಡುತ್ತೆ.

ದೊಡ್ಡಪ್ಪ: ಸೆಕೆಂಡ್ ಹ್ಯಾಂಡ್?

ಮಗಳು: ಆಗಬಹುದು, ಒಂದು ಪರೀಕ್ಷೆ ಮಾಡಿ. ಅಪರ್ಚರ್ ಎಫ್/8ಕ್ಕಿಟ್ಟು, ಜೂಮ್ ಪೂರ್ತಿ ಎಳೆದು, ಖಾಲಿ ಆಕಾಶದ ಒಂದು ಫೋಟೋ ತೆಗೀರಿ. ಕಪ್ಪು ಮಚ್ಚೆ ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ ಅಂತ. ಒಳಗೆ ಹೊರಗೆ ಚಾಚೋ ಲೆನ್ಸು ದೂಳನ್ನ ಒಳಗೆಳೆದುಕೊಳ್ಳುತ್ತೆ. ಲೆನ್ಸ್ ತೆಗೆಯೋಕೆ ಬರೋ ಕ್ಯಾಮೆರಾ ಆದ್ರೆ ಊದಿ ಒರೆಸಬಹುದು, ಇದರಲ್ಲಿ ಬಿಚ್ಚಿಸಬೇಕು. ಹೊಸದು ತಗೊಂಡರೂ ದೂಳೆಬ್ಬಿಸೋ ರಸ್ತೆಯಲ್ಲಿ ಜೂಮ್ ಆಡಿಸಬೇಡಿ.

ದೊಡ್ಡಪ್ಪ: ಮಳೆಗಾಲದ ವಿಷಯ ನನಗೆ ಬಿಡು. ಮಲೆನಾಡಲ್ಲಿ ಬೀರುವಿನೊಳಗೆ ಇಟ್ಟ ಲೆನ್ಸಿಗೆ ಫಂಗಸ್ ಹಿಡಿದದ್ದು ಎಷ್ಟೋ ನೋಡಿದ್ದೀನಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಚರ್ಮದ ಚೀಲದಲ್ಲಿ ಮಾತ್ರ ಇಡಬಾರದು.

ಮಗಳು: ಅದರ ಜೊತೆಗೆ ಬ್ಯಾಟರಿ ಎರಡಿರಲಿ. ಇಂಥ ಚಿಕ್ಕ ಕ್ಯಾಮೆರಾಗಳು ಒಂದು ಚಾರ್ಜಿಗೆ ಮುನ್ನೂರರ ಆಸುಪಾಸು ಫೋಟೋ ತೆಗೀತವೆ. ವಿಮಾನದಲ್ಲಾದ್ರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಟ್ರೈಪಾಡ್ ಒಯ್ಯಬೇಡಿ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು.

ದೊಡ್ಡಪ್ಪ: ಇಷ್ಟೆಲ್ಲ ಕೇಳಿದ ಮೇಲೆ ನನ್ನದೂ ಒಂದು ಮಾತಿದೆ. ಮೂಡಿಗೆರೆಯಲ್ಲಿ ಲೇಖಕ ತೇಜಸ್ವಿಯವರು ಫಿಲಂ ಕಾಲದಲ್ಲೇ ಹಕ್ಕಿಗಳ ಫೋಟೋ ತೆಗೆದವರು. ಆಗ ಎಲ್ಲಿತ್ತು ನಿನ್ನ ಎಕ್ಸು? ಹಕ್ಕಿ ಎಲ್ಲಿ ಬಂದು ಕೂರುತ್ತೆ ಅಂತ ತಿಳ್ಕೊಂಡು ಕಾದು ಕೂತರು. ದೂರ ಕಡಿಮೆ ಮಾಡೋದಕ್ಕೆ ಗಾಜು ಒಂದೇ ದಾರಿ ಅಲ್ಲ.

ಮಗಳು: ಒಪ್ಪಿದೆ. ಪ್ರವಾಸದ ಬಸ್ಸು ಮಾತ್ರ ಹಾಗೆ ಕಾಯಲ್ಲ. ದೋಣಿಯಲ್ಲಿ ನೀವು ಕೂತ ಜಾಗವೇ ಜಾಗ, ಸೂರಿನ ಕೆಳಗಿನ ಶಿಲ್ಪ ಇಳಿದು ಬರಲ್ಲ. ಹೆಜ್ಜೆ ಇಡೋಕೆ ಆಗದ ಕಡೆಗೆ ಜೂಮ್, ಆಗೋ ಕಡೆಗೆ ಕಾಲು. ಎರಡನ್ನೂ ಬಳಸಿದವರಿಗೆ 360 ಧಾರಾಳ.

ದೊಡ್ಡಪ್ಪ: ಹಾಗಿದ್ರೆ ತೀರ್ಮಾನ ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದು. ತೂಕ ಮೊದಲು: 350 ಗ್ರಾಂ ದಾಟಬಾರದು. ಸೆನ್ಸರ್ ಎರಡನೇದು: 1 ಇಂಚಿಗಿಂತ ಕಡಿಮೆ ಬೇಡ. ದೂರ ಮೂರನೇದು: ಹಕ್ಕಿ ಇರೋದರಿಂದ 360. ಕಣ್ಣಿಗೆ ವ್ಯೂಫೈಂಡರ್. ಒಳಾಂಗಣಕ್ಕೆ ಫೋನ್ ಇದೆ, ಆದ್ದರಿಂದ ಟಿಜೆಡ್200. ಪಿ1000 ಚಂದ್ರನನ್ನ ನೋಡೋರಿಗೆ.

ಮಗಳು: ತಿದ್ದೋದೇನಿಲ್ಲ, ಸೇರಿಸೋದು ಒಂದಿದೆ. ಹಕ್ಕಿ ಬೇಡ, ಊರು ಗುಡಿ ಜನ ಸಾಕು ಅನ್ನೋರು, ದುಡ್ಡಿದ್ದರೆ, ಸೋನಿ ತಗೊಳ್ಳಲಿ. ಒಳ್ಳೇ ಬಿಸಿಲಲ್ಲಿ ಮಾತ್ರ ತಿರುಗೋರು, ಕಡಿಮೆ ದುಡ್ಡಲ್ಲಿ ಉದ್ದದ ಜೂಮ್ ಬೇಕನ್ನೋರು 30 ಎಕ್ಸ್‌ನ ಪುಟ್ಟ ಕ್ಯಾಮೆರಾ ತಗೊಳ್ಳಲಿ, ಅದರ ಮಿತಿ ಗೊತ್ತಿದ್ದರೆ ಸಾಕು. ಯಾವುದೇ ಆಗಲಿ, ಅಂಗಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿಂತು, ಜೂಮ್ ಪೂರ್ತಿ ಎಳೆದು, ಒಳಗಿನ ಮೂಲೆಯಲ್ಲಿರೋ ಪೆಟ್ಟಿಗೆ ಮೇಲಿನ ಸಣ್ಣ ಅಕ್ಷರದ ಫೋಟೋ ತೆಗೀರಿ. ಆ ಅಕ್ಷರ ಓದೋಕೆ ಬಂದರೆ ದುಡ್ಡು ಕೊಡಿ, ಬರದಿದ್ದರೆ ಎಕ್ಸ್ ಎಷ್ಟೇ ಇರಲಿ, ವಾಪಸ್ ಕೊಟ್ಟು ಬನ್ನಿ.